ಸಂಕಲ್ಪಕ್ಕೂ ಹೆಜ್ಜೆಗೂ ನಡುವೆ

ಮಠದ ಹೊಸ್ತಿಲ ಬಳಿ ಹಿರಿಯರೊಬ್ಬರು ಥಟ್ಟನೆ ನಿಂತುಬಿಡುತ್ತಾರೆ. ಒಳಗೆ ಬರುವ ಮನಸ್ಸಿದೆ, ಕಾಲಿನಲ್ಲಿ ಕಸುವೂ ಇದೆ. ಆದರೂ ಪಾದವು ನೆಲಕ್ಕೆ ಅಂಟಿದಂತಿದೆ. ಹಿಂದೆ ನಿಂತ ನಾವು 'ಬೇಗ ನಡೆಯಿರಿ' ಎಂದು ಅವಸರಪಡಿಸುತ್ತೇವೆ. ಅವರದು ಹಟವೂ ಅಲ್ಲ, ಆಲಸ್ಯವೂ ಅಲ್ಲ. ಇದನ್ನು ಅರಿಯಲು ನಮ್ಮ ಇಚ್ಛೆಯು ಚಲನೆಯಾಗುವ ಬಗೆಯನ್ನು ತಿಳಿಯಬೇಕು.

1965ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಎಂಬ ವಿಜ್ಞಾನಿಗಳು ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಮನುಷ್ಯನು ತನಗೆ ತೋಚಿದ ಗಳಿಗೆಯಲ್ಲಿ ಬೆರಳನ್ನು ಅಲುಗಿಸುವಾಗ, ಅದಕ್ಕೆ ಸುಮಾರು ಒಂದು ಸೆಕೆಂಡು ಮೊದಲೇ ಮೆದುಳಿನಲ್ಲಿ ಮಂದವಾದ ವಿದ್ಯುತ್ ಅಲೆಯೊಂದು ಏಳತೊಡಗುತ್ತದೆ. ಅತ್ಯಂತ ಸರಳವಾದ ಚಲನೆಗೂ ಪೂರ್ವಸಿದ್ಧತೆ ಉಂಟೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಸಿದ್ಧತೆಯು ಮೆದುಳಿನ ಮುಂಭಾಗದಲ್ಲಿ ರೂಪುಗೊಳ್ಳುತ್ತದೆ. ಒಳಗೆ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳು ದ್ವಾರಪಾಲಕರಂತೆ ಬೇಕಾದ ಚಲನೆಗೆ ಅನುಮತಿ ನೀಡಿ, ಬೇಡವಾದುದನ್ನು ತಡೆಯುತ್ತವೆ. ಅನಂತರ ಆಜ್ಞೆಯು ಬೆನ್ನುಹುರಿಯ ಮಾರ್ಗವಾಗಿ ಸ್ನಾಯುಗಳನ್ನು ತಲುಪುತ್ತದೆ. ದ್ವಾರವು ಸರಾಗವಾಗಿ ತೆರೆಯಲು ಡೋಪಮೈನ್ ಎಂಬ ರಾಸಾಯನಿಕ ಬೇಕು. 1817ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ, ಮುಂದೆ ಅವರ ಹೆಸರನ್ನೇ ಪಡೆದ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಆಗ ಸಂಕಲ್ಪವಿದ್ದರೂ ಚಲನೆ ಆರಂಭವಾಗುವುದು ಕಷ್ಟವಾಗುತ್ತದೆ.

ಸೋಜಿಗವೆಂದರೆ, ಸಮತಟ್ಟಾದ ನೆಲದಲ್ಲಿ ಹೆಜ್ಜೆ ಕೀಳಲಾರದವರು ಅಡ್ಡಗೆರೆ ಎಳೆದ ನೆಲದಲ್ಲಿ ಗೆರೆ ದಾಟುತ್ತ ನಡೆದುಬಿಡುವುದುಂಟು. ತಾಳದ ಸದ್ದಿಗೆ, 'ಒಂದು, ಎರಡು' ಎಂಬ ಎಣಿಕೆಗೆ ಕಾಲು ಎತ್ತುವವರೂ ಇದ್ದಾರೆ. ಒಳಗಿನಿಂದ ಹೊರಡಬೇಕಾದ ಪ್ರೇರಣೆ ತಡವರಿಸಿದಾಗ, ಕಣ್ಣು ಕಿವಿಗಳಿಂದ ಬಂದ ಸೂಚನೆಯು ಮೆದುಳಿನ ಬೇರೆ ಮಾರ್ಗದಿಂದ ಚಲನೆಗೆ ನೆರವಾಗುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಹೀಗೆ ನಿಂತವರ ಕೈಹಿಡಿದು ಎಳೆಯಬಾರದು. ಅವರು ಬೀಳುವ ಅಪಾಯವಿದೆ. ಪಕ್ಕದಲ್ಲಿ ನಿಂತು, ಒಂದು ಕ್ಷಣ ಕಾದು, ಮೆಲ್ಲನೆ ಎಣಿಸೋಣ. ಮನೆಯ ಹಿರಿಯರಲ್ಲಿ ಈ ಲಕ್ಷಣ ಕಂಡರೆ ವಯಸ್ಸಿನ ದೋಷವೆಂದು ಬಿಡದೆ ನರರೋಗ ತಜ್ಞರಲ್ಲಿ ಕರೆದೊಯ್ಯೋಣ. ಹೆಜ್ಜೆ ನಿಂತ ಮಾತ್ರಕ್ಕೆ ಮನಸ್ಸು ನಿಂತಿತೆಂದು ನಾವು ತಿಳಿಯಬಾರದು.