ಮದ್ದು ಕೆಲಸ ಮಾಡಿತೇ? ಆಸ್ಪತ್ರೆಯ ದಾಖಲೆಯನ್ನು ಓದುವ ಬಗೆ

2020ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳು ಕೋವಿಡ್ ರೋಗಿಗಳಿಂದ ತುಂಬತೊಡಗಿದಾಗ ವೈದ್ಯರ ಕೈಯಲ್ಲಿ ಖಚಿತವಾದ ಮದ್ದು ಇರಲಿಲ್ಲ. ಮಲೇರಿಯಾಕ್ಕೂ ಸಂಧಿವಾತಕ್ಕೂ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ನೆರವಾದೀತು ಎಂಬ ಆಸೆಯಿಂದ ಅದನ್ನೇ ಕೊಟ್ಟರು. ಅದೇ ತಿಂಗಳು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಕೋವಿಡ್ ರೋಗಿಗಳ ಆರೈಕೆ ಮಾಡುವ ಸಿಬ್ಬಂದಿಗೆ ಮುನ್ನೆಚ್ಚರಿಕೆಯ ಮಾತ್ರೆಯಾಗಿ ಅದನ್ನು ಸೂಚಿಸಿತು. ಮಾತ್ರೆಯಿಂದ ಗುಣವಾಗುತ್ತಿದೆಯೇ ಎಂಬುದನ್ನು ಆದಷ್ಟು ಬೇಗ ತಿಳಿಯಬೇಕಿತ್ತು.

ಬೇಗ ತಿಳಿಯಲು ಒಂದು ದಾರಿ ಅದಾಗಲೇ ಆಸ್ಪತ್ರೆಯ ಕಂಪ್ಯೂಟರಿನಲ್ಲಿತ್ತು. ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಯಲ್ಲಿ ರೋಗಿಯ ವಯಸ್ಸು, ಹಳೆಯ ಕಾಯಿಲೆಗಳು, ರಕ್ತಪರೀಕ್ಷೆ, ಆಮ್ಲಜನಕದ ಮಟ್ಟ, ಯಾವ ಔಷಧ ಯಾವ ಹೊತ್ತಿಗೆ ಕೊಟ್ಟರು, ವೆಂಟಿಲೇಟರಿಗೆ ಹಾಕಿದರೇ, ಮನೆಗೆ ಹೋದರೇ, ತೀರಿಕೊಂಡರೇ ಎಂಬುದೆಲ್ಲ ಇರುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ 1,376 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ಮೇ 7ರಂದು ಫಲಿತಾಂಶ ಪ್ರಕಟಿಸಿದರು. 811 ಮಂದಿಗೆ ಆ ಔಷಧ ಸಿಕ್ಕಿತ್ತು.

ಮೊದಲ ಲೆಕ್ಕ ಗಾಬರಿ ಹುಟ್ಟಿಸುವಂತಿತ್ತು. ಔಷಧ ಪಡೆದವರಲ್ಲಿ ಉಸಿರಿನ ಕೊಳವೆ ಹಾಕಬೇಕಾಗುವ ಅಥವಾ ಸಾಯುವ ಅಪಾಯ 2.37 ಪಟ್ಟು! ಹಾಗಾದರೆ ಮಾತ್ರೆಯೇ ಕೊಂದಿತೇ? ಅಲ್ಲ. ವೈದ್ಯರು ಆ ಮಾತ್ರೆಯನ್ನು ಹೆಚ್ಚಾಗಿ ಕೊಟ್ಟದ್ದು ಮೊದಲೇ ಹೆಚ್ಚು ಬಳಲಿದ್ದವರಿಗೆ. ರಕ್ತಕ್ಕೆ ಎಷ್ಟು ಆಮ್ಲಜನಕ ಸೇರುತ್ತಿದೆ ಎಂದು ತೋರಿಸುವ ಅಳತೆಯೊಂದಿದೆ. ಅದು ಇಳಿದಷ್ಟೂ ಶ್ವಾಸಕೋಶ ಸೋಲುತ್ತಿದೆ ಎಂದರ್ಥ. ಔಷಧ ಪಡೆದವರಲ್ಲಿ ಅದರ ಮಧ್ಯಮ ಮೌಲ್ಯ 223, ಪಡೆಯದವರಲ್ಲಿ 360. ಎರಡು ಗುಂಪುಗಳೂ ಆರಂಭದಲ್ಲೇ ಸಮನಾಗಿರಲಿಲ್ಲ.

ಈ ಅಸಮತೆಯನ್ನು ಸರಿಪಡಿಸಲು ಸಂಖ್ಯಾಶಾಸ್ತ್ರದಲ್ಲಿ ಉಪಾಯವಿದೆ. ವಯಸ್ಸು, ಕಾಯಿಲೆ, ಆಮ್ಲಜನಕದ ಮಟ್ಟ ಇವನ್ನು ನೋಡಿ ಪ್ರತಿ ರೋಗಿಗೂ ಈ ಔಷಧ ಸಿಗುವ ಸಾಧ್ಯತೆ ಎಷ್ಟಿತ್ತು ಎಂದು ಅಂದಾಜಿಸುತ್ತಾರೆ. ಆ ಸಾಧ್ಯತೆಗೆ ತಕ್ಕಂತೆ ಪ್ರತಿ ರೋಗಿಗೂ ಲೆಕ್ಕದಲ್ಲಿ ತೂಕ ಕೊಟ್ಟು, ಎರಡು ಗುಂಪುಗಳನ್ನೂ ಸಮವಾಗಿಸಿ ಹೋಲಿಸುತ್ತಾರೆ. ಹಾಗೆ ಮಾಡಿದಾಗ 2.37 ಎಂಬುದು 1.04ಕ್ಕೆ ಇಳಿಯಿತು. ಔಷಧದಿಂದ ಎದ್ದುಕಾಣುವ ಗುಣವೂ ಇಲ್ಲ, ಎದ್ದುಕಾಣುವ ಕೇಡೂ ಇಲ್ಲ. ಈ ಇಡೀ ವಿದ್ಯೆಯ ಜೀವಾಳ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ ಎಂಬುದು ನನ್ನ ನಂಬಿಕೆ.

ಆದರೂ ಒಂದು ಕೊರತೆ ಉಳಿಯುತ್ತದೆ. ದಾಖಲೆಯಲ್ಲಿ ಬರೆದದ್ದನ್ನು ಮಾತ್ರ ಸರಿದೂಗಿಸಬಹುದು. ಹಾಸಿಗೆಯ ಪಕ್ಕ ನಿಂತ ವೈದ್ಯೆ ರೋಗಿಯ ಮುಖ ನೋಡಿಯೇ ‘ಇವರ ಸ್ಥಿತಿ ಬಿಗಡಾಯಿಸುತ್ತಿದೆ’ ಎಂದು ಊಹಿಸಿ ಔಷಧ ಬರೆದಿದ್ದರೆ, ಆ ಊಹೆ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ಕಾಲದ ಲೆಕ್ಕವೂ ಮೋಸ ಮಾಡಬಲ್ಲದು. ಐದನೆಯ ದಿನ ಔಷಧ ಪಡೆದವರು ಅಲ್ಲಿಯವರೆಗೆ ಬದುಕಿದ್ದರು ಎಂಬುದು ಖಚಿತ. ಆ ನಾಲ್ಕು ದಿನಗಳನ್ನೂ ಔಷಧದ ಖಾತೆಗೆ ಜಮಾ ಮಾಡಿದರೆ ಏನೂ ಮಾಡದ ಮಾತ್ರೆಯೂ ಪ್ರಾಣ ಉಳಿಸಿದಂತೆ ಕಾಣುತ್ತದೆ.

ದಾಖಲೆಯೇ ನಂಬಲರ್ಹವಲ್ಲದಿದ್ದರೆ ಯಾವ ಲೆಕ್ಕವೂ ಉಳಿಯದು. ಮೇ 22ರಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 671 ಆಸ್ಪತ್ರೆಗಳ 96,032 ರೋಗಿಗಳ ಮಾಹಿತಿ ಎಂದು ಹೇಳಿಕೊಂಡ ಲೇಖನ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರಲ್ಲಿ ಸಾವು ಹೆಚ್ಚು ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ತಾನು ನಡೆಸುತ್ತಿದ್ದ ಕೋವಿಡ್ ಔಷಧಗಳ ಪ್ರಯೋಗದಲ್ಲಿ ಈ ಮಾತ್ರೆಯ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮಾಹಿತಿ ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ಸ್ವತಂತ್ರ ಪರಿಶೀಲನೆಗೆ ಮೂಲ ದಾಖಲೆ ಕೊಡಲಿಲ್ಲ. ಜೂನ್ 4ರಂದು ಲೇಖನವನ್ನು ಹಿಂಪಡೆಯಲಾಯಿತು. ಯಾರೂ ತೆರೆದು ನೋಡಲಾಗದ ದಾಖಲೆಯನ್ನು ಪುರಾವೆ ಎಂದು ಒಪ್ಪಲೇಬಾರದಿತ್ತು.

ಈ ಎಲ್ಲ ತೊಡಕುಗಳಿಗೆ ತಕ್ಕ ಉತ್ತರ ಬ್ರಿಟನ್ನಿನಲ್ಲಿ ಸಿಕ್ಕಿತು. ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ನಡೆಸಿದ ‘ರಿಕವರಿ’ ಪ್ರಯೋಗದಲ್ಲಿ ಯಾರಿಗೆ ಯಾವ ಔಷಧ ಎಂಬುದನ್ನು ವೈದ್ಯರು ಆರಿಸಲಿಲ್ಲ, ಕಂಪ್ಯೂಟರ್ ಚೀಟಿ ಎತ್ತಿತು. ಹೆಚ್ಚು ಬಳಲಿದವರೆಲ್ಲ ಒಂದೇ ಕಡೆ ಸೇರುವ ತೊಡಕು ಅಲ್ಲಿಗೆ ಮುಗಿಯಿತು. ರೋಗಿಗೆ ಮುಂದೆ ಏನಾಯಿತು ಎಂದು ತಿಳಿಯಲು ಒಂದು ಸರಳ ಫಾರಂ ಮತ್ತು ದೇಶದ ಸಾರ್ವಜನಿಕ ಆರೋಗ್ಯ ಸೇವೆಯ ದಾಖಲೆಗಳು ನೆರವಾದವು. ಹೀಗಾಗಿ ತುಂಬಿತುಳುಕುತ್ತಿದ್ದ ವಾರ್ಡುಗಳಲ್ಲೂ ಪ್ರಯೋಗ ನಡೆಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರಲ್ಲಿ 28 ದಿನಗಳೊಳಗೆ ಶೇ. 27 ಮಂದಿ, ಪಡೆಯದವರಲ್ಲಿ ಶೇ. 25 ಮಂದಿ ತೀರಿಕೊಂಡರು. ಉಪಯೋಗವಿಲ್ಲ ಎಂಬುದು ತೀರ್ಮಾನವಾಯಿತು. ಅದೇ ಪ್ರಯೋಗ, ಅಗ್ಗದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಶೇ. 41.4ರಿಂದ ಶೇ. 29.3ಕ್ಕೆ ಇಳಿಸಿತು ಎಂದೂ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ.

ಇಂಥ ದಾಖಲೆಗಳನ್ನು ಜೋಡಿಸಲು ಭಾರತದಲ್ಲೂ 2021ರ ಸೆಪ್ಟೆಂಬರಿನಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಡೆಯುತ್ತಿದೆ. ಅದರಡಿ ಕೊಡುವ ‘ಆಭಾ’ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಹಲವರ ಬಳಿ ಇದೆ. ಸಂಖ್ಯೆ ಇದ್ದ ಮಾತ್ರಕ್ಕೆ ಸಾಲದು. ತಾಲ್ಲೂಕು ಆಸ್ಪತ್ರೆಯ ಕೇಸ್ ಶೀಟಿನಲ್ಲೂ ಔಷಧ ಕೊಟ್ಟ ಹೊತ್ತು, ಆಗಿನ ಆಮ್ಲಜನಕದ ಮಟ್ಟ, ಕೊನೆಗೆ ಏನಾಯಿತು ಎಂಬುದು ಸರಿಯಾಗಿ ದಾಖಲಾಗಬೇಕು. ರೋಗಿಯ ಗುಟ್ಟು ಬಯಲಾಗದಂತೆ, ಆದರೆ ಪರಿಶೀಲನೆಗೆ ಸಿಗುವಂತೆ ಅದನ್ನು ಕಾಪಾಡಬೇಕು. ಇದಕ್ಕೆ ಬೇಕಾದ ಸಿಬ್ಬಂದಿಯನ್ನೂ ಹಣವನ್ನೂ ಮುಂದಿನ ಸೋಂಕು ಬರುವ ಮೊದಲೇ ಸರ್ಕಾರಗಳು ಕೊಡಬೇಕು.