ಕೆಳಗೆ ಬಿದ್ದ ತುತ್ತು: ಹೆದರಬೇಕಾದದ್ದು ಯಾವುದಕ್ಕೆ?

ಮಗುವಿನ ಕೈಯಿಂದ ಬಿಸ್ಕತ್ತು ನೆಲಕ್ಕೆ ಬಿದ್ದರೆ ನಮ್ಮ ಮನೆಗಳಲ್ಲಿ ಎರಡು ದನಿ ಒಟ್ಟಿಗೇ ಏಳ್ತವೆ. "ಛೀ, ಬಿಸಾಕು, ಜರಾಸೀಮ್ ಇರ್ತವೆ" ಅಂತ ತಾಯಿ. "ಏನಾಗಲ್ಲ ಬಿಡು ಬೇಟಾ, ಬಿಸ್ಮಿಲ್ಲಾ ಅಂತ ಊದಿ ಕೊಡು, ನಿನ್ನ ಗಂಡನೂ ಹಿಂಗೇ ಬೆಳೆದಿದ್ದು" ಅಂತ ದಾದಿ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಈ ಮಾತು ಇನ್ನೂ ಜೋರು. ಊರಿನ ಅಂಗಳದಲ್ಲಿ ಮಣ್ಣಲ್ಲಿ ಆಡಿ ಬೆಳೆದವರು ಒಂದು ಕಡೆ, ಫ್ಲ್ಯಾಟಿನ ಟೈಲ್ಸ್ ನೆಲವನ್ನು ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುವವರು ಇನ್ನೊಂದು ಕಡೆ.

ಇಬ್ಬರಲ್ಲಿ ಯಾರ ಮಾತು ಸರಿ? ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಸ್ವಲ್ಪ ತಪ್ಪೂ ಇದೆ. ಅದನ್ನು ಬಿಡಿಸಿ ನೋಡೋಣ.

ಮೊದಲು "ಐದು ಸೆಕೆಂಡ್ ನಿಯಮ"ದ ವಿಷಯ. ಬಿದ್ದದ್ದನ್ನು ಐದು ಸೆಕೆಂಡಿನೊಳಗೆ ಎತ್ತಿದರೆ ಏನೂ ಆಗುವುದಿಲ್ಲ ಎಂಬ ಮಾತು ಈಗ ನಮ್ಮ ಮಕ್ಕಳ ಬಾಯಲ್ಲೂ ಇದೆ. ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮೊದಲಿಗಳು ಒಬ್ಬ ಹೈಸ್ಕೂಲ್ ವಿದ್ಯಾರ್ಥಿನಿ ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. 2003ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಜಿಲಿಯನ್ ಕ್ಲಾರ್ಕ್ ಎಂಬ ಹುಡುಗಿ ಬ್ಯಾಕ್ಟೀರಿಯಾ ಹಚ್ಚಿದ ಟೈಲ್ಸ್ ಮೇಲೆ ತಿಂಡಿ ಇಟ್ಟು ನೋಡಿದಳು. ಐದು ಸೆಕೆಂಡಿನೊಳಗೇ ಬ್ಯಾಕ್ಟೀರಿಯಾ ತಿಂಡಿಗೆ ಹತ್ತಿದ್ದವು. ಮುಂದೆ 2016ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ರಾಬಿನ್ ಮಿರಾಂಡಾ ಮತ್ತು ಡೊನಾಲ್ಡ್ ಶಾಫ್ನರ್ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದರು. ಸ್ಟೀಲು, ಟೈಲ್ಸ್, ಮರ, ಕಾರ್ಪೆಟ್ ಎಂಬ ನಾಲ್ಕು ಬಗೆಯ ನೆಲ. ಕಲ್ಲಂಗಡಿ, ಬ್ರೆಡ್ಡು, ಬೆಣ್ಣೆ ಹಚ್ಚಿದ ಬ್ರೆಡ್ಡು, ಜೆಲ್ಲಿ ಮಿಠಾಯಿ ಎಂಬ ನಾಲ್ಕು ಬಗೆಯ ತಿಂಡಿ. ಒಂದು ಸೆಕೆಂಡಿಗಿಂತ ಕಡಿಮೆಯಿಂದ ಹಿಡಿದು 300 ಸೆಕೆಂಡುಗಳವರೆಗೆ ನಾಲ್ಕು ಅವಧಿ. ಒಟ್ಟು 2560 ಅಳತೆಗಳು.

ಗೊತ್ತಾದದ್ದೇನೆಂದರೆ, ಹೆಚ್ಚು ಹೊತ್ತು ಬಿದ್ದಿದ್ದರೆ ಹೆಚ್ಚು ಬ್ಯಾಕ್ಟೀರಿಯಾ ಹತ್ತುವುದು ನಿಜ, ಆದರೆ ಒಂದು ಸೆಕೆಂಡಿನೊಳಗೂ ಹತ್ತಬಹುದು. ಹೊತ್ತಿಗಿಂತ ಮುಖ್ಯವಾದದ್ದು ತೇವ. ಕಲ್ಲಂಗಡಿ ಹಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಹತ್ತಿತು, ಜೆಲ್ಲಿ ಮಿಠಾಯಿಗೆ ಎಲ್ಲಕ್ಕಿಂತ ಕಡಿಮೆ. ಬ್ಯಾಕ್ಟೀರಿಯಾಗಳಿಗೆ ಕಾಲಿಲ್ಲ, ನೀರಿನ ಜೊತೆ ಸಾಗ್ತವೆ. ಇನ್ನು ಊದುವುದರಿಂದ ಧೂಳು ಹಾರಬಹುದು, ಬ್ಯಾಕ್ಟೀರಿಯಾ ಹಾರುವುದಿಲ್ಲ. ಬದಲಿಗೆ ನಮ್ಮ ಎಂಜಲು ಅದರ ಮೇಲೆ ಬೀಳ್ತದೆ.

ಹಾಗಾದರೆ ತಾಯಿಯೇ ಗೆದ್ದಳಾ? ಪೂರ್ತಿ ಗೆದ್ದಿಲ್ಲ. ಆ ಪ್ರಯೋಗಗಳಲ್ಲಿ ನೆಲಕ್ಕೆ ಬೇಕಂತಲೇ ಬ್ಯಾಕ್ಟೀರಿಯಾ ಹಚ್ಚಿದ್ದರು. ನಮ್ಮ ಮನೆಯ ನೆಲದಲ್ಲೂ ಬ್ಯಾಕ್ಟೀರಿಯಾ ಇರ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ನಮ್ಮ ಚರ್ಮದಲ್ಲೇ ಇರುವಂಥವು, ಕಾಯಿಲೆ ತರುವವಲ್ಲ. ಚಪ್ಪಲಿ ಹೊರಗೇ ಬಿಡುವ ಮನೆಯಲ್ಲಿ, ಒಣಗಿದ ನೆಲದ ಮೇಲೆ ಬಿದ್ದ ಒಣ ಬಿಸ್ಕತ್ತಿನಿಂದ ಆರೋಗ್ಯವಂತ ಮಗುವಿಗೆ ಅಪಾಯ ತೀರಾ ಕಡಿಮೆ. ಅದೇ ಬಿಸ್ಕತ್ತು ಕೋಳಿ ತೊಳೆದ ನೀರು ಸಿಡಿದ ಅಡುಗೆಮನೆಯಲ್ಲಿ, ಬಾತ್‌ರೂಮಿನ ಬಾಗಿಲಲ್ಲಿ ಅಥವಾ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದರೆ ಲೆಕ್ಕ ಬೇರೆ. ಎಷ್ಟು ಸೆಕೆಂಡ್ ಅನ್ನುವುದಕ್ಕಿಂತ ಏನು ಬಿತ್ತು, ಎಲ್ಲಿ ಬಿತ್ತು, ಯಾವ ಮಗು ಅಂತ ಕೇಳಬೇಕು.

ಈಗ ದಾದಿಯ ವಾದಕ್ಕೆ ಬರೋಣ. "ಮಣ್ಣಲ್ಲಿ ಬೆಳೆದ ಮಕ್ಕಳು ಗಟ್ಟಿ" ಅನ್ನುವ ಮಾತಿಗೆ ವಿಜ್ಞಾನದಲ್ಲೂ ಒಂದು ನೆಲೆ ಇದೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಂಶೋಧಕ 1958ರಲ್ಲಿ ಹುಟ್ಟಿದ 17,414 ಮಕ್ಕಳ ಮಾಹಿತಿಯನ್ನು ನೋಡಿದರು. ಅಣ್ಣ ಅಕ್ಕಂದಿರು ಹೆಚ್ಚಿದ್ದ ಮಕ್ಕಳಲ್ಲಿ ಅಲರ್ಜಿಯಿಂದ ಬರುವ ನೆಗಡಿ ಕಡಿಮೆ ಇತ್ತು. ಚಿಕ್ಕಂದಿನಲ್ಲಿ ಒಬ್ಬರಿಂದೊಬ್ಬರಿಗೆ ಸೋಂಕು ಹರಡುವುದೇ ಇದಕ್ಕೆ ಕಾರಣವಿರಬಹುದು ಎಂದು ಅವರು ಊಹಿಸಿದರು. 2016ರಲ್ಲಿ ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳ ಮಕ್ಕಳ ಅಧ್ಯಯನ ಹೊರಬಂತು. ಎರಡರ ಮೂಲವೂ ಯುರೋಪು, ಜೀವನಶೈಲಿಯೂ ಬಹಳಷ್ಟು ಒಂದೇ. ಆದರೆ ಆಮಿಶ್ ಮಕ್ಕಳು ಮನೆಗೆ ಹತ್ತಿರದಲ್ಲೇ ದನದ ಕೊಟ್ಟಿಗೆ ಇಟ್ಟುಕೊಂಡು ಬೆಳೀತಾರೆ, ಹಟರೈಟರದ್ದು ಯಂತ್ರದ ಬೇಸಾಯ. ಅಸ್ತಮಾ ಆಮಿಶ್ ಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಕಡಿಮೆ ಇತ್ತು.

ಆದರೆ ಇಲ್ಲೇ ನಾವು ಎಡವುವುದು. ಗ್ರಹಾಂ ರೂಕ್ ಎಂಬ ವಿಜ್ಞಾನಿ 2003ರಲ್ಲಿ ಇದನ್ನು "ಹಳೆಯ ಗೆಳೆಯರು" ಎಂಬ ಹೆಸರಿನಲ್ಲಿ ತಿದ್ದಿ ಹೇಳಿದರು. ಮಣ್ಣು, ಪ್ರಾಣಿ, ಗಿಡಗಳ ಜೊತೆ ಬರುವ ನಿರುಪದ್ರವಿ ಸೂಕ್ಷ್ಮಜೀವಿಗಳ ಒಡನಾಟದಿಂದ ಮಗುವಿನ ರೋಗನಿರೋಧಕ ವ್ಯವಸ್ಥೆ ಶತ್ರು ಯಾರು, ಮಿತ್ರ ಯಾರು ಅಂತ ಕಲೀತದೆ. ಭೇದಿ ತರುವ ರೋಗಾಣು ಈ ಗೆಳೆಯರ ಪಟ್ಟಿಯಲ್ಲಿಲ್ಲ. ಜಂತುಹುಳದ ಮೊಟ್ಟೆ ಇರುವ ಮಣ್ಣು ತಿಂದ ಮಗು ಗಟ್ಟಿಯಾಗುವುದಿಲ್ಲ, ರಕ್ತ ಕಡಿಮೆಯಾಗಿ ಸೊರಗ್ತದೆ. ನಮ್ಮ ದೇಶದಲ್ಲಿ 2015ರಿಂದ ಫೆಬ್ರವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡುವುದು ಇದಕ್ಕೇ. "ನಾವು ಹಿಂಗೇ ಬೆಳೆದೆವು" ಅಂತ ಹೇಳುವವರು ಬೆಳೆದು ಉಳಿದವರು. ಭೇದಿಯಿಂದ ತೀರಿಹೋದ ಮಕ್ಕಳು ಆ ಮಾತು ಹೇಳಲು ನಮ್ಮ ಮುಂದೆ ಇಲ್ಲ. ಹಿರಿಯರಿರುವ ಎಷ್ಟೋ ಮನೆಗಳಲ್ಲಿ ಅಂಥ ಒಂದು ಹೆಸರು ಇದ್ದೇ ಇರ್ತದೆ.

ಹಾಗಾದರೆ ಕಾಯಿಲೆ ನಿಜವಾಗಿ ಬರುವುದು ಎಲ್ಲಿಂದ? ಪುಣೆಯೇ ಇದಕ್ಕೆ ಉತ್ತರ ಹೇಳ್ತದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ್ ಗಾಂವ್ ಭಾಗದಲ್ಲಿ ಜನರಿಗೆ ಒಮ್ಮೆಲೇ ಕೈಕಾಲು ಸೋತುಬರತೊಡಗಿತು. ಅದು ಗಿಲನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್. ಶಂಕಿತ ರೋಗಿಗಳ ಸಂಖ್ಯೆ 200 ದಾಟಿತು, ಕೆಲವರು ತೀರಿಕೊಂಡರು. ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಕೆಲವರಲ್ಲಿ ನೋರೋವೈರಸ್ ಕೂಡ. ಕ್ಯಾಂಪೈಲೋಬ್ಯಾಕ್ಟರ್ ಕೋಳಿಯ ಕರುಳಿನಲ್ಲಿ ಇರುವಂಥದ್ದು. ಬೇಯದ ಮಾಂಸ ಮತ್ತು ಕೊಳಕು ನೀರಿನ ಮೂಲಕ ಹೊಟ್ಟೆಗೆ ಹೋಗಿ ಭೇದಿ ತರ್ತದೆ. ಅಪರೂಪಕ್ಕೆ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ತಪ್ಪಿ ನಮ್ಮ ನರಗಳ ಮೇಲೇ ದಾಳಿ ಮಾಡ್ತವೆ. ಅಲ್ಲಿ ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ದಿನಕ್ಕೆ ಎರಡು ಸಲ ನೆಲ ಒರೆಸಿದ ಮನೆಗೂ ನಲ್ಲಿಯ ನೀರು ಬಂದೇ ಬರ್ತದಲ್ಲ.

ಇದೇ ಊರಲ್ಲಿ 1897ರಲ್ಲಿ ಪ್ಲೇಗ್ ಬಂದಾಗ ಏನಾಯಿತು ನೋಡಿ. ಬ್ರಿಟಿಷ್ ಸೈನಿಕರು ಮನೆಗಳಿಗೆ ನುಗ್ಗಿ ಸಾಮಾನು ಸುಟ್ಟರು, ನೆಲ ಅಗೆದರು, ಗೋಡೆಗೆ ಸುಣ್ಣ ಬಳಿದರು, ಹೆಣ್ಣುಮಕ್ಕಳನ್ನು ಅವಮಾನಿಸಿದರು. ಪ್ಲೇಗನ್ನು ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟ. ಇದನ್ನು ಪೋಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟದ್ದು ಮರುವರ್ಷ, 1898ರಲ್ಲಿ. ಅಷ್ಟು ಹೊತ್ತಿಗೆ ಪುಣೆಯ ಮನೆಗಳು ಹಾಳಾಗಿದ್ದವು, ಪ್ಲೇಗ್ ನಿಂತಿರಲಿಲ್ಲ. ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ಸಾವಿತ್ರಿಬಾಯಿ ಫುಲೆ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗ ಹರಡುವ ದಾರಿ ಗೊತ್ತಿಲ್ಲದಿದ್ದರೆ ಭಯ ತಪ್ಪು ಕಡೆಗೆ ತಿರುಗ್ತದೆ.

ಮಕ್ಕಳ ಕಾಯಿಲೆಗೆ ಮುಖ್ಯ ದಾರಿಗಳು ಕೈ, ನೀರು, ಹಸಿ ಮಾಂಸ, ನೊಣ. ಇವುಗಳಲ್ಲಿ ಕೈ ನಮ್ಮ ಹಿಡಿತದಲ್ಲಿದೆ. ಕರಾಚಿಯ ಬಡ ಬಡಾವಣೆಗಳಲ್ಲಿ ಸ್ಟೀಫನ್ ಲೂಬಿ ತಂಡದವರು ಮನೆಗಳಿಗೆ ಸೋಪು ಕೊಟ್ಟು ಕೈತೊಳೆಯುವುದನ್ನು ರೂಢಿ ಮಾಡಿಸಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ: 15 ವರ್ಷದೊಳಗಿನ ಮಕ್ಕಳಲ್ಲಿ ಭೇದಿ 53% ಕಡಿಮೆ, 5 ವರ್ಷದೊಳಗಿನವರಲ್ಲಿ ನ್ಯುಮೋನಿಯಾ 50% ಕಡಿಮೆ. ಸಾದಾ ಸೋಪಿಗೂ "ಕೀಟಾಣು ಕೊಲ್ಲುವ" ಸೋಪಿಗೂ ವ್ಯತ್ಯಾಸ ಕಂಡುಬರಲಿಲ್ಲ. ಟಿವಿ ಜಾಹೀರಾತು ನೋಡಿ ದುಬಾರಿ ಸೋಪು ತರುವ ತಾಯಂದಿರಿಗೆ ಇದು ಗೊತ್ತಿರಲಿ. ನಮ್ಮಲ್ಲಿ ಇನ್ನೊಂದು ಮಾತೂ ಇದೆ: "ಈಗಷ್ಟೇ ವುಝೂ ಮಾಡಿದ್ದೀನಲ್ಲ." ವುಝೂ ಇಬಾದತ್ತಿನ ಪಾಕಿ. ಶೌಚಾಲಯದಿಂದ ಬಂದ ಮೇಲೆ, ಊಟಕ್ಕೆ ಮೊದಲು ಕೈಗೆ ಸೋಪೂ ಬೇಕು.

ಇನ್ನು ನಮ್ಮ ಧರ್ಮದ ಮಾತು. ತುತ್ತು ಬಿದ್ದರೆ ಅದಕ್ಕೆ ಹತ್ತಿದ ಕೊಳೆಯನ್ನು ತೆಗೆದು ತಿನ್ನಬೇಕು, ಶೈತಾನನಿಗೆ ಬಿಡಬಾರದು ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದನ್ನು ಹೇಳುವಾಗ ನಾವು "ತಿನ್ನಿ" ಅನ್ನುವ ಅರ್ಧವನ್ನಷ್ಟೇ ಹೇಳ್ತೇವೆ. "ಕೊಳೆ ತೆಗೆದು" ಅನ್ನುವ ಅರ್ಧ ಮರೆತುಹೋಗ್ತದೆ. ರಿಝ್ಕ್ ಹಾಳು ಮಾಡಬಾರದು ಎಂಬ ಅದಬೂ, ಶುಚಿತ್ವದ ಎಚ್ಚರವೂ ಎರಡೂ ಅದರಲ್ಲಿವೆ. ನಜಸ್ ಜಾಗದಲ್ಲಿ ಬಿದ್ದು, ತೊಳೆಯಲೂ ಆಗದಿದ್ದರೆ ಅದನ್ನು ಪ್ರಾಣಿಗೆ ಹಾಕಬೇಕೆಂದು ಇಮಾಮ್ ನವವಿ ವಿವರಿಸಿದ್ದಾರೆ. ಬಿದ್ದ ಸೇಬನ್ನು ತೊಳೆದು ಕೊಡಿ, ರೊಟ್ಟಿಯ ಕೊಳೆಯಾದ ಭಾಗ ಮುರಿದು ಉಳಿದದ್ದು ಕೊಡಿ, ಒದ್ದೆ ಜಾಗದಲ್ಲಿ ಬಿದ್ದ ಅನ್ನವನ್ನು ಹಕ್ಕಿಗೆ ಹಾಕಿ. ದಾದಿಯ ಮಾತೂ ಉಳೀತು, ತಾಯಿಯ ಮಾತೂ ಉಳೀತು.

ಒಬ್ಬ ಶಿಕ್ಷಕಿಯಾಗಿ ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಕೊರೋನಾ ನಂತರ ಮಕ್ಕಳು ಡಬ್ಬಿ ಹಂಚಿಕೊಳ್ಳುವುದು ಕಡಿಮೆಯಾಯಿತು. ಕಾಯಿಲೆಯ ಕಾಲದಲ್ಲಿ ಅದು ಸರಿ. ಆದರೆ ಈಗಲೂ ಕೆಲವು ಮಕ್ಕಳು "ಅವರ ಮನೆಯದ್ದು ತಿನ್ನಬೇಡ, ಗಲೀಜು ಅಂತ ಮಮ್ಮಿ ಹೇಳಿದ್ದಾಳೆ" ಅಂತಾರೆ. ಆ "ಅವರು" ಯಾವಾಗಲೂ ಬಡವರ ಮಕ್ಕಳು, ಇಲ್ಲವೇ ಬೇರೆ ಸಮುದಾಯದವರು. 2020ರಲ್ಲಿ ಸುಳ್ಳು ವಿಡಿಯೋಗಳನ್ನು ನಂಬಿ ನಮ್ಮ ಹಣ್ಣು ತರಕಾರಿ ಮಾರುವವರನ್ನು ಬೀದಿಗೆ ಬರಬೇಡಿ ಅಂದದ್ದು ನಮಗೆ ನೆನಪಿದೆ. ಆ ನೋವು ಉಂಡವರೇ ಕಟ್ಟಡ ಕೆಲಸದವನ ಮಗನ ಡಬ್ಬಿಯನ್ನು ಗಲೀಜು ಅನ್ನಬಾರದು. ಕೈ ತೊಳೆದುಕೊಳ್ಳಲು ಕಲಿಸೋಣ, ಮನುಷ್ಯರನ್ನು ದೂರವಿಡಲು ಬೇಡ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಆರು ತಿಂಗಳವರೆಗೆ ಎದೆಹಾಲು ಮಾತ್ರ. ಅಂಬೆಗಾಲಿಡುವ ಮಗು ಎಲ್ಲವನ್ನೂ ಬಾಯಿಗೆ ಹಾಕ್ತದೆ, ಅದಕ್ಕಾಗಿ ಚಪ್ಪಲಿ ಒಳಗೆ ಬೇಡ. ಅವಧಿಗೆ ಮೊದಲೇ ಹುಟ್ಟಿದ ಅಥವಾ ದೊಡ್ಡ ಕಾಯಿಲೆಯ ಚಿಕಿತ್ಸೆಯಲ್ಲಿರುವ ಮಗುವಿಗೆ ಬಿದ್ದದ್ದನ್ನು ಕೊಡಲೇಬೇಡಿ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ಸಿಡಿಯುವಂತೆ ತೊಳೆಯಬೇಡಿ, ಹಸಿ ಮಾಂಸ ಕತ್ತರಿಸಿದ ಹಲಗೆಯಲ್ಲಿ ಸೌತೆಕಾಯಿ ಹೆಚ್ಚಬೇಡಿ. ನೀರಿನ ಮೇಲೆ ಅನುಮಾನವಿದ್ದರೆ ಕುದಿಸಿ. ರೋಟಾವೈರಸ್ ಭೇದಿಗೆ ಲಸಿಕೆ ಇದೆ. ಇಂಥ ಒಂದು ಲಸಿಕೆಯನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟೇ ತಯಾರಿಸ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ 6, 10, 14ನೇ ವಾರದಲ್ಲಿ ಉಚಿತವಾಗಿ ಹಾಕ್ತಾರೆ, ತಪ್ಪಿಸಬೇಡಿ. ಭೇದಿಯಾದರೆ ಊಟ, ಎದೆಹಾಲು ನಿಲ್ಲಿಸದೆ ಓಆರ್‌ಎಸ್ ಕೊಡಿ, ವೈದ್ಯರ ಸಲಹೆಯಂತೆ 14 ದಿನ ಜಿಂಕ್ ಕೊಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ಬಾರದಿರುವುದು, ಮಗು ಮಂಕಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಷ್ಟು ಮಾಡಿದ ತಾಯಿ ಒಣ ನೆಲದ ಮೇಲೆ ಬಿದ್ದ ಒಂದು ಬಿಸ್ಕತ್ತಿಗೆ ಕಿರುಚಬೇಕಾಗಿಲ್ಲ. ಇಷ್ಟು ಮಾಡದಿದ್ದರೆ ನೂರು ಬಿಸ್ಕತ್ತು ಬಿಸಾಕಿದರೂ ಮಗುವಿಗೆ ರಕ್ಷಣೆ ಸಿಗುವುದಿಲ್ಲ.