‘ನಳ ಬಂದಾವ’: ನಗರಜಲದ ಶುದ್ಧಿಯನ್ನು ಕುರಿತು ಒಂದು ವಿಚಾರ

ಧಾರವಾಡ ಪ್ರಾಂತದ ಆಡುಮಾತಿನಲ್ಲಿ ‘ನಳ ಬಂದಾವ’ ಎಂಬುದೊಂದು ಪ್ರಯೋಗವುಂಟು. ನಳವೆಂಬುದು ಗೋಡೆಯಲ್ಲಿ ನೆಟ್ಟು ನಿಂತ ವಸ್ತು. ಬರತಕ್ಕದ್ದು ಅದರೊಳಗಣ ನೀರು. ‘ಮಂಚಗಳು ಕೂಗುತ್ತವೆ’ ಎಂಬ ಪ್ರಸಿದ್ಧ ಉದಾಹರಣೆಯ ಸಾಲಿಗೆ ಇದನ್ನೂ ಸೇರಿಸಿ, ಆಲಂಕಾರಿಕರು ಲಕ್ಷಣೆಯೆಂದು ಹೇಳಿ ಮುಗಿಸಿಯಾರು. ಆದರೆ ಲಕ್ಷಣೆಗೂ ಒಂದು ನಿಮಿತ್ತ ಬೇಕಷ್ಟೆ. ದಿನಗಟ್ಟಲೆ ಬತ್ತಿದ್ದು ಒಂದು ಹೊತ್ತಿನಲ್ಲಿ ಹಠಾತ್ತಾಗಿ ಜೀವ ತಳೆಯುವ ಕೊಳವೆಯನ್ನು ಕಂಡವರ ಬಾಯಲ್ಲಿ ಮಾತ್ರ ಇಂಥ ಮಾತು ಹುಟ್ಟೀತು. ನೀರು ಎಡೆಬಿಡದೆ ಇರುವ ಊರಿನಲ್ಲಿ ನಳವು ‘ಬರುವ’ ಪ್ರಸಂಗವೇ ಇಲ್ಲ. ಈ ಬರುವಿಕೆಗೂ ಕುಡಿಯುವ ನೀರಿನ ಶುದ್ಧಿಗೂ ಇರುವ ಸಂಬಂಧವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹುಬ್ಬಳ್ಳಿ-ಧಾರವಾಡಗಳಿಗೆ ನೀರು ಮುಖ್ಯವಾಗಿ ಸವದತ್ತಿಯ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನಿರ್ಮಿಸಿದ ರೇಣುಕಾಸಾಗರದಿಂದ ಬರುತ್ತದೆ. ನದಿಯ ನೀರಿಗೆ ಪಟಿಕವನ್ನು ಬೆರೆಸಿ, ಕದಡು ಕೆಳಗೆ ಕೂರುವಂತೆ ಮಾಡಿ, ಮರಳಿನ ಹಾಸುಗಳಲ್ಲಿ ಸೋಸಿ, ಕಡೆಗೆ ಕ್ಲೋರಿನ್ ಕೂಡಿಸುವುದು ಇಂಥ ಜಲಾಗಾರಗಳ ಕ್ರಮ. ಕ್ಲೋರಿನ್ನಿನಲ್ಲಿ ಒಂದಂಶವು ಅಲ್ಲಿಯ ಕ್ರಿಮಿಗಳನ್ನು ಕೊಲ್ಲುವುದರಲ್ಲಿ ವ್ಯಯವಾಗುವುದು. ಉಳಿದಂಶವು ನೀರಿನೊಡನೆ ಪಯಣಿಸಿ ಕೊಳವೆಯ ದಾರಿಯುದ್ದಕ್ಕೂ ಕಾವಲಿರಬೇಕು. ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಅದು ಬಳಕೆದಾರರ ನಳದಲ್ಲಿ ಉಳಿದಿರಬೇಕೆಂದು ಭಾರತೀಯ ಮಾನಕವು ವಿಧಿಸುತ್ತದೆ. ಜಲಾಗಾರದಲ್ಲಿ ಶುದ್ಧವಾದ ನೀರು ಮನೆಯಲ್ಲಿಯೂ ಶುದ್ಧವೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ತಪ್ಪು ಹುಟ್ಟುವುದು ಇಲ್ಲಿಯೇ.

ಭೂಮಿಯೊಳಗೆ ಹೂಳಿದ ಕೊಳವೆಗಳಲ್ಲಿ ಬಿರುಕಿಲ್ಲದ, ಕೀಲು ಸಡಿಲದ ಕೊಳವೆಯು ಯಾವ ನಗರದಲ್ಲಿಯೂ ಇಲ್ಲ. ಕೊಳವೆಯು ತುಂಬಿ, ಒಳಗೆ ಒತ್ತಡವಿರುವಾಗ ಬಿರುಕಿನಿಂದ ನೀರು ಹೊರಕ್ಕೆ ಸೋರುವುದು. ಅದು ನಷ್ಟವೇ ಸರಿ. ಆದರೆ ಒಳಕ್ಕೆ ಏನೂ ಬಾರದು. ನೀರನ್ನು ನಿಲ್ಲಿಸಿದೊಡನೆ ಸ್ಥಿತಿಯು ತಲೆಕೆಳಗಾಗುತ್ತದೆ. ಇಳಿಜಾರಿನ ಮನೆಗಳು ಕಡೆಯ ಹನಿಯನ್ನೂ ಎಳೆದುಕೊಳ್ಳುವಾಗ ಮೇಲಣ ಕೊಳವೆಯಲ್ಲಿ ಶೂನ್ಯವುಂಟಾಗಿ, ಪಕ್ಕದಲ್ಲಿ ಹರಿಯುವ ಚರಂಡಿಯ ರಸವನ್ನು ಅದೇ ಬಿರುಕು ಒಳಕ್ಕೆ ಹೀರುತ್ತದೆ. ಮನೆಮನೆಯವರು ನಳಕ್ಕೆ ನೇರವಾಗಿ ಮೋಟಾರು ಕಟ್ಟಿದರಂತೂ ಹೇಳುವುದೇ ಬೇಡ. ನಾಲ್ಕೈದು ದಿನಗಳ ಮೇಲೆ ನೀರು ಪುನಃ ನುಗ್ಗಿದಾಗ, ಒಳಸೇರಿದ ಕಲ್ಮಷವೂ ಕೊಳವೆಯ ಒಳಮೈಗೆ ಅಂಟಿದ ಪಾಚಿಯೂ ಕದಲಿ ಮೊದಲ ಬಿಂದಿಗೆಗೇ ಬರುವುವು. ಉಳಿದಿದ್ದ ಕ್ಲೋರಿನ್ನು ಈ ಹೊಲಸಿನೊಡನೆ ಹೋರಾಡಿ ತೀರಿಹೋಗುವುದು. ಆದಕಾರಣ ನಿರಂತರತೆಯು ಕೇವಲ ಸೌಕರ್ಯದ ವಿಷಯವೆಂದೂ ಶುದ್ಧತೆಯು ಆರೋಗ್ಯದ ವಿಷಯವೆಂದೂ ಬೇರೆಬೇರೆಯಾಗಿ ಎಣಿಸುವುದು ಯುಕ್ತವಲ್ಲ.

ಇದು ತರ್ಕದಿಂದ ಮಾತ್ರ ಸಿದ್ಧವಾದುದಲ್ಲ. ನಮ್ಮ ನಾಡಿನಲ್ಲಿಯೇ ಪರೀಕ್ಷಿತವಾಗಿದೆ. 2008ರ ವೇಳೆಗೆ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ಹೊಸ ಕೊಳವೆಗಳನ್ನು ಹಾಕಿ, ಮೀಟರುಗಳನ್ನಿಟ್ಟು, ಹಗಲಿರುಳೂ ನೀರು ಕೊಡುವ ಏರ್ಪಾಡಾಯಿತು. ನಗರದ ಉಳಿದ ಭಾಗಕ್ಕೆ ಹಳೆಯ ಸರದಿಯೇ ಮುಂದುವರಿಯಿತು. ಒಂದೇ ಊರು, ಒಂದೇ ನೀರು, ಎರಡು ಬಗೆಯ ಹಂಚಿಕೆ: ಶಾಸ್ತ್ರಜ್ಞನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯದು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ಮಲಸಂಪರ್ಕವನ್ನು ಸೂಚಿಸುವ ಇ. ಕೋಲಿ ಎಂಬ ಅಣುಜೀವಿಯು ನಿರಂತರ ನಳಗಳ ಮಾದರಿಗಳಲ್ಲಿ ನೂರಕ್ಕೆ ಒಂದರಲ್ಲಿಯೂ ಕಾಣಲಿಲ್ಲವೆನ್ನಬಹುದು. ಸರದಿಯ ನಳಗಳಲ್ಲಿ ನೂರಕ್ಕೆ ಮೂವತ್ತಕ್ಕೂ ಮೀರಿ ಕಂಡಿತು. ಅದೇ ನಗರದ ಮನೆಗಳನ್ನು ಕುರಿತು 2015ರಲ್ಲಿ ಹೊರಬಂದ ಮತ್ತೊಂದು ವ್ಯಾಸಂಗದಲ್ಲಿ ಟೈಫಾಯಿಡು ನಿರಂತರ ನೀರಿನ ಮನೆಗಳಲ್ಲಿ ಕಡಮೆಯಾಗಿಯೂ, ರಕ್ತಭೇದಿಯು ಬಡಮನೆಗಳ ಮಕ್ಕಳಲ್ಲಿ ಕಡಮೆಯಾಗಿಯೂ ತೋರಿತು. ಮಕ್ಕಳ ಸಾಮಾನ್ಯ ಅತಿಸಾರದಲ್ಲಿ ಮಾತ್ರ ಸ್ಪಷ್ಟವಾದ ವ್ಯತ್ಯಾಸವು ಕಂಡುಬರಲಿಲ್ಲ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಅತಿಸಾರಕ್ಕೆ ನೀರಲ್ಲದೆ ಕೈ, ಅನ್ನ, ನೊಣ, ಅಂಗಳ ಎಂದು ಹಲವು ದಾರಿಗಳಿವೆಯಷ್ಟೆ.

‘ನೀರೇ ಸಾಲದು, ಹಗಲಿರುಳು ಕೊಟ್ಟರೆ ಖರ್ಚು ಇಮ್ಮಡಿಯಾಗದೆ?’ ಎಂಬ ಆಕ್ಷೇಪವುಂಟು. ಮೇಲುನೋಟಕ್ಕೆ ಇದು ಸರಿಯಾಗಿಯೇ ಇದೆ. ಆದರೆ ಸರದಿಯ ಊರಿನಲ್ಲಿ ಗೃಹಿಣಿಯು ಹೊಸ ನೀರು ಬಂದ ದಿನ ಹಂಡೆ, ಕೊಡಗಳಲ್ಲಿ ಉಳಿದ ‘ಹಳೆಯ ನೀರ’ನ್ನು ಅಂಗಳಕ್ಕೆ ಚೆಲ್ಲುತ್ತಾಳೆ, ಯಾವಾಗ ಬಂದೀತೋ ಎಂದು ತೆರೆದೇ ಬಿಟ್ಟ ನಳವು ಮೋರಿಗೆ ಹರಿಯುತ್ತದೆ. ದೊಡ್ಡ ತೊಟ್ಟಿಯುಳ್ಳವನಿಗೆ ಸರದಿಯಿಂದ ಕಷ್ಟವಿಲ್ಲ; ಎರಡೇ ಕೊಡವುಳ್ಳವಳು ಕೂಲಿಯನ್ನು ಬಿಟ್ಟು ನಳದ ಮುಂದೆ ಕಾಯಬೇಕು. ಆದರೂ ನಿರಂತರ ನೀರಿಗೆ ಹಣ ಬೇಕೆಂಬುದೂ, ಮೀಟರಿನ ದರವು ಬಡವರಿಗೆ ಭಾರವಾಗದಂತೆ ಕಟ್ಟಬೇಕೆಂಬುದೂ, ನಿರ್ವಹಣೆಯನ್ನು ಖಾಸಗಿ ಸಂಸ್ಥೆಗೆ ಒಪ್ಪಿಸಿದುದನ್ನು ಕುರಿತು ಎದ್ದ ಚರ್ಚೆಯೂ ಅಲ್ಲಗಳೆಯತಕ್ಕವಲ್ಲ.

ನನ್ನ ಅಭಿಪ್ರಾಯದಲ್ಲಿ ಕಠಿನವಾದುದು ಕಟ್ಟುವುದಲ್ಲ, ಕಾಯುವುದು. ನಮ್ಮ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮುಂತಾದ ಶಬ್ದಗಳನ್ನು ವಾಚಕರು ಬಲ್ಲರು. ಕೆರೆಯನ್ನು ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಡುತ್ತಿದ್ದ ಪದ್ಧತಿಯನ್ನು ಇವು ತಿಳಿಸುತ್ತವೆ; ಹೂಳೆತ್ತುವ ಬಂಡಿಗಾಗಿ ದತ್ತಿ ಬಿಟ್ಟುದೂ ಉಂಟು. ತೂಬನ್ನು ತೆರೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಗೂ ಹೀಗೆಯೇ ಜೀವನೋಪಾಯವಿತ್ತು. ಈಗ ಬೀದಿಯ ವಾಲ್ವನ್ನು ತಿರುಗಿಸುವವನು ಅವನ ಉತ್ತರಾಧಿಕಾರಿ. ಕೊಳವೆಯ ನಕ್ಷೆಯು ಅನೇಕ ಊರುಗಳಲ್ಲಿ ಕಚೇರಿಗಿಂತ ಅವನ ನೆನಪಿನಲ್ಲಿಯೇ ಹೆಚ್ಚು ಪೂರ್ಣವಾಗಿರುತ್ತದೆ. ಅವನು ನಿವೃತ್ತನಾದ ದಿನ ಅದೂ ಹೋಗುತ್ತದೆ. ಹೊಸ ಜಲಾಗಾರಕ್ಕೆ ಶಿಲಾಫಲಕವಿರುವುದು, ಸೋರಿಕೆ ಹುಡುಕುವವನ ಸಂಬಳಕ್ಕೆ ಆಯವ್ಯಯದಲ್ಲಿ ಎಡೆಯಿರುವುದಿಲ್ಲ.

ಸರದಿಯ ನೀರನ್ನೇ ನೆಚ್ಚಿರುವ ಮನೆಗಳಿಗೆ ಮೇಲಣ ಸಂಶೋಧನೆಗಳಿಂದ ದೊರೆಯುವ ಪ್ರಯೋಜನ ಇಷ್ಟು: ನಳ ಬಂದೊಡನೆ ತುಂಬುವ ಮೊದಲ ಕೊಡಗಳು ಬಟ್ಟೆಗೂ ಪಾತ್ರೆಗೂ ಇರಲಿ, ನೀರು ತಿಳಿಯಾಗಿ ಬಿರುಸಾಗಿ ಬರತೊಡಗಿದ ಮೇಲೆ ಕುಡಿಯುವುದಕ್ಕೆ ಹಿಡಿಯಬೇಕು, ಅದನ್ನೂ ಕುದಿಸಬೇಕು, ತುಂಬಿಟ್ಟ ಪಾತ್ರೆಯನ್ನು ಮುಚ್ಚಿ, ಕೈ ಅದ್ದದೆ, ಹಿಡಿಯುಳ್ಳ ಸೌಟಿನಿಂದ ನೀರು ತೆಗೆಯಬೇಕು.